ಚಿಮಣಿಯ ಎಂಟು ದಿನದ ಮಾತು

ಕೋಥ್ರೂಡ್, ಪುಣೆ
ಭಾವುಬೀಜದ (ದೀಪಾವಳಿಯ ಅಣ್ಣ-ತಂಗಿಯರ ಹಬ್ಬದ) ಮರುದಿನ, ರಾತ್ರಿ

ಚಿ. ಸೌ. ಮಗಳಿಗೆ ಅವ್ವನ ಆಶೀರ್ವಾದಗಳು.

ಬೆಳಿಗ್ಗೆ 7.15ಕ್ಕೆ ನಿಮ್ಮ ಮುಂಬೈ ರೈಲು ಡೆಕ್ಕನ್ ಕ್ವೀನ್ ಬಿಡುವ ತನಕ ನಾವಿಬ್ಬರೂ ಚೀಲ ಎಣಿಸುತ್ತ ನಿಂತಿದ್ದೆವು. ಇದ್ದದ್ದು ಮೂರೇ ಚೀಲ. ರಾತ್ರಿ ಆದ ಮಾತು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ಅಳಿಯಂದಿರ ಎದುರಿಗೆ ನಾನು ದನಿ ಏರಿಸಬಾರದಿತ್ತು. ತಪ್ಪು ನನ್ನದು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆದರೆ "ನಾಳಿಂದ ಮನಿಯೊಳಗ ಇಂಗ್ಲಿಷ್ ಒಂದೇ, ಅವ್ವಾ, ನೀನೂ ಫೋನಿನ್ಯಾಗ ಕನ್ನಡ ಬಿಡು" ಅಂದೆಯಲ್ಲ, ಅದಕ್ಕೆ ಹೂಂ ಅನ್ನಲು ನನ್ನಿಂದ ಆಗುವುದಿಲ್ಲ. ಆ ನರ್ಸರಿಯವರು ನಿನ್ನ ಮಗಳು ಚಿಮಣಿಯನ್ನು ಹದಿನೈದು ನಿಮಿಷ ಎದುರಿಗೆ ಕೂಡಿಸಿಕೊಂಡು, ಮಗು ಮೂರು ಭಾಷೆ ಕಲಸುತ್ತದೆ ಅಂದರಂತೆ. ನಾನು ಎಂಟು ದಿನ ಕೂಡಿಸಿಕೊಂಡಿದ್ದೆ. ಕಾಲನಿರ್ಣಯ ಕ್ಯಾಲೆಂಡರಿನ ಹಿಂಬದಿಗೆ ಗೀಚಿದ್ದನ್ನೆಲ್ಲ ಇವತ್ತು ಒಂದು ವಹಿಗೆ ಇಳಿಸಿದೆ, ಒಟ್ಟು 61 ಮಾತು. ಅವುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಸಮಾಧಾನದಿಂದ ಓದು.

ಮೊದಲು 'ಬೀಳಿತು'. ಚಿಮಣಿ ಕಪ್ಪು ಕೆಡವಿ "ಕಪ್ ಬೀಳಿತು" ಅಂದಾಗ ನೀನು ಹಣೆ ಚಚ್ಚಿಕೊಂಡೆ. ಆರು ತಿಂಗಳ ಹಿಂದೆ ಇವಳೇ "ಬಿತ್ತು" ಅಂತ ಸರಿಯಾಗಿ ಅನ್ನುತ್ತಿದ್ದಳು, ಈಗ ಹಿಂದೆ ಹೋಗಿದ್ದಾಳೆ ಅಂದೆ. ಹಿಂದೆ ಹೋಗಿಲ್ಲ, ಮಗಳೇ. ಆಗ ಅವಳು 'ಬಿತ್ತು' ಅನ್ನುವುದನ್ನು ಗಿಳಿಯಂತೆ ಇಡಿಯಾಗಿ ಎತ್ತಿಕೊಂಡಿದ್ದಳು, ಅದರೊಳಗೆ ಬೀಳು ಎಂಬುದು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ಓಡು, ಓಡಿತು, ಹಾರು, ಹಾರಿತು, ಹಾಡು, ಹಾಡಿತು ಎಂಬುದರಲ್ಲಿ ಒಂದು ಕಟ್ಟಳೆ ಇದೆಯೆಂದು ತಾನೇ ಕಂಡುಕೊಂಡು ಬೀಳುವುದಕ್ಕೂ ಹಚ್ಚಿದ್ದಾಳೆ. 'ತಿನ್ನಿದೆ', 'ಕೊಡಿದೆ' ಕೂಡ ಅದೇ ಕಾರಣಕ್ಕೆ. ಇವನ್ನು ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಹಾಗಾಗಿ ಯಾರನ್ನೋ ನೋಡಿ ಕಲಿತದ್ದು ಅನ್ನಲಿಕ್ಕೆ ಬರುವುದಿಲ್ಲ. ತಿಂದೆ, ಕೊಟ್ಟೆ, ಬಿತ್ತು ಎಂಬ ಮೊಂಡು ಕ್ರಿಯಾಪದಗಳು ನೂರಾರು ಸಲ ಕಿವಿಗೆ ಬಿದ್ದ ಮೇಲೆ ತಮ್ಮ ಜಾಗಕ್ಕೆ ತಾವೇ ವಾಪಸು ಬರುತ್ತವೆ. ಕಿವಿಗೆ ಬೀಳಬೇಕು, ಅಷ್ಟೇ. ನಾಳಿಂದ ಬೀಳದಂತೆ ಮಾಡುತ್ತೇನೆ ಅಂತ ನೀನು ಹೊರಟಿದ್ದೀಯ.

ಆಮೇಲೆ "ಅಜ್ಜಕ್ಕ ಕೊಡು". ಗಿಡಕ್ಕ ನೀರು, ಗೂಡಕ್ಕ ದಾರ, ಅಜ್ಜಕ್ಕ ಚಹಾ. ನಿಮ್ಮಪ್ಪ ನಕ್ಕು ನಕ್ಕು ಚಹಾ ಚೆಲ್ಲಿದರು. ಕನ್ನಡದಲ್ಲಿ ಗಿಡ, ಅಜ್ಜ ಇಂಥ ಶಬ್ದಗಳಿಗೆ ಮನುಷ್ಯರಾದರೆ ಬೇರೆ, ವಸ್ತುವಾದರೆ ಬೇರೆ ಪ್ರತ್ಯಯ ಇದೆಯೆಂದು ಅವಳಿಗೆ ಇನ್ನೂ ತಿಳಿದಿಲ್ಲ. ಆದರೆ ಯಾರಿಗೆ ಕೊಡಬೇಕೋ ಆ ಹೆಸರಿನ ಬೆನ್ನಿಗೆ ಏನೋ ಒಂದು ಅಂಟಬೇಕು ಎಂಬುದು ಪಕ್ಕಾ ಆಗಿದೆ.

ಈಗ ನಿನ್ನ ಕಲಬೆರಕೆಗೆ ಬರೋಣ. "ನಾ ಇಲ್ಲೆ ಬಸ್ತೀನಿ." "ನಾ ಕಿಲ್ಲಾ ಖೇಳ್ತೀನಿ." ಕಿಲ್ಲಾ ಅಂದರೆ ದೀಪಾವಳಿಗೆ ಮಕ್ಕಳು ಕಟ್ಟುವ ಮಣ್ಣಿನ ಕೋಟೆ. ಬಸ್, ಖೇಳ್ ಎರಡೂ ಅವರಪ್ಪನ ಮರಾಠಿ. ಮರಾಠಿಯಲ್ಲೇ ಹೇಳಿದ್ದರೆ ಹುಡುಗಿಯಾದವಳು ಬಸತೇ, ಖೇಳತೇ ಅನ್ನಬೇಕು. ಇವಳು ಬೇರನ್ನು ಮರಾಠಿಯಿಂದ ತಂದಳು, ಬಾಲವನ್ನು ಮಾತ್ರ ಕನ್ನಡದ್ದೇ ಹಚ್ಚಿದಳು. 'ನಾ' ಅಂದ ಮೇಲೆ 'ತೀನಿ' ಬರಬೇಕು ಎಂಬುದನ್ನು 61 ಮಾತುಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ಶಬ್ದ ಸಿಗದಿದ್ದಾಗ ಪಕ್ಕದ ಮನೆಯಿಂದ ಸಕ್ಕರೆ ತಂದಂತೆ ತರುತ್ತಾಳೆ, ಒಲೆ ಮಾತ್ರ ಅವಳದೇ. ಇನ್ನೊಂದು ಗಮನಿಸಿದೆಯಾ? ಮರಾಠಿ ಆಜಿ ಫೋನಿನಲ್ಲಿ ಬಂದ ತಕ್ಷಣ "ಪಾಣಿ ಪಾಹಿಜೆ", ನನ್ನತ್ತ ತಿರುಗಿ "ನೀರು ಬೇಕು". ಅವಳಿಗೆ ಆಜಿ ಬೇರೆ, ಅಜ್ಜಿ ಬೇರೆ. ಎರಡು ಡಬ್ಬಿಗಳನ್ನು ಗುರುತಿಸದ ಮಗು ಹೀಗೆ ಮಾಡುವುದಿಲ್ಲ.

ನಿಜವಾಗಿ ಅವಳನ್ನು ಕಾಡುವುದು ಎರಡೂ ಕಡೆ ಒಂದೇ ದನಿಯಿದ್ದು ಅರ್ಥ ಬೇರೆಯಾದ ಶಬ್ದಗಳು. ನಿನ್ನ ನಾದಿನಿ "ಕಾಯ್ ಪಾಹಿಜೆ?" (ಏನು ಬೇಕು?) ಅಂದಾಗ ದೇವರ ಮುಂದಿನ ತೆಂಗಿನಕಾಯಿ ಎತ್ತಿಕೊಂಡು ಬಂದದ್ದು ಅದಕ್ಕೇ. ನಾನು ಆರತಿ ಮಾಡುತ್ತ "ತಾಯೀ" ಅಂದರೆ ಅವಳು ತಾಈ ಅಂತ, ಅಂದರೆ ಮರಾಠಿಯಲ್ಲಿ ಅಕ್ಕ ಅಂತ, ಕರೆಯುವ ದೊಡ್ಡಪ್ಪನ ಮಗಳನ್ನು ಹುಡುಕಿ ಕೈಹಿಡಿದು ಎಳೆದುತಂದಳು. ಅವಳ ಹೆಸರನ್ನೇ ನೋಡು. ಆಜಿಗೆ ಚಿಮಣಿ ಅಂದರೆ ಗುಬ್ಬಿ, ನಮ್ಮ ಧಾರವಾಡದ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ದೀಪ. ಎರಡೂ ಅವಳಿಗೆ ಒಪ್ಪುತ್ತವೆ ಅಂತ ನಾನೂ ಹಾಗೇ ಕರೆಯುತ್ತೇನೆ.

ನಿನ್ನೆಯದನ್ನು ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಬಿದ್ದು ಪೆಟ್ಟಾದರೆ ಮರಾಠಿಯವರು ಮಕ್ಕಳಿಗೆ "ಬಾವು ಝಾಲಾ" ಅನ್ನುತ್ತಾರೆ. ಬೆಳಗಿನಿಂದ ಎಲ್ಲರೂ ಭಾವುಬೀಜ, ಭಾವುಬೀಜ ಅನ್ನುತ್ತಿದ್ದರು. ಅವಳ ಬಾಯಲ್ಲಿ 'ಭ' ಮತ್ತು 'ಬ' ಇನ್ನೂ ಬೇರೆಯಾಗಿಲ್ಲ. ಅಣ್ಣನ ಹಣೆಗೆ ಕುಂಕುಮ ಹಚ್ಚಿದಳು, ಕೆಂಪಗೆ ಇಳಿಯಿತು, ಅದನ್ನು ನೋಡಿದವಳೇ ಮುಖ ಸಣ್ಣದು ಮಾಡಿಕೊಂಡು "ಬಾವು, ಬಾವು" ಅಂತ ಫೂ ಫೂ ಊದತೊಡಗಿದಳು. ಎಲ್ಲರೂ ನಕ್ಕೆವು. ಆಮೇಲೆ ನೀನು ಫೋನು ಹಿಡಿದು "ಮತ್ತೊಮ್ಮೆ ಊದು, ಚಿಮಣಿ" ಅಂತ ಐದು ಸಲ ಊದಿಸಿದೆ. ಐದನೇ ಸಲ ಅವಳು ಅಣ್ಣನ ಹಣೆ ನೋಡಲೇ ಇಲ್ಲ, ನಿನ್ನ ಫೋನು ನೋಡಿ ಊದಿದಳು. ಮೊದಲನೆಯದು ಅವಳ ಕರುಳಿನದು, ಐದನೆಯದು ಆಟ. ಆ ವಿಡಿಯೋ ಗುಂಪಿಗೆ ಕಳಿಸಬೇಡ ಅಂದದ್ದು ಅದಕ್ಕೆ, ನಿನ್ನ ಖುಷಿ ಕೆಡಿಸಲಿಕ್ಕಲ್ಲ.

ಫೋನಿನ ಬದಲು ಬರೆ. ಬರೆಯುವ ಕ್ರಮವನ್ನು ವಹಿಯ ಮೊದಲ ಪುಟಕ್ಕೆ ಹಾಕಿದ್ದೇನೆ. ತಾರೀಖು, ಅದರ ಪಕ್ಕ ಅವಳ ವಯಸ್ಸು ವರ್ಷ, ತಿಂಗಳು, ದಿನದ ಲೆಕ್ಕದಲ್ಲಿ. ಎರಡೂವರೆ ಅಂತ ಬರೆದರೆ ಸಾಲದು, ಈ ವಯಸ್ಸಿನಲ್ಲಿ ಮೂರು ವಾರಕ್ಕೆ ಮಾತು ಬದಲಾಗುತ್ತದೆ. ಯಾರಿಗೆ ಅಂದಳು, ಅದಕ್ಕೆ ಮೊದಲು ಏನು ನಡೆದಿತ್ತು, ಕೈ ಎತ್ತ ತೋರಿಸುತ್ತಿತ್ತು, ಇವಿಷ್ಟು ಒಂದೇ ಸಾಲಿನಲ್ಲಿ. ಮಾತನ್ನು ಅವಳು ಅಂದ ಹಾಗೇ ಬರೆ, ತಿದ್ದಬೇಡ. 'ಬೀಳಿತು' ಅನ್ನುವುದು 'ಬಿತ್ತು' ಆದರೆ ಬರೆದೂ ಬರೆಯದ ಹಾಗೆ. ಅದೇ ದಿನ ರಾತ್ರಿಯೊಳಗೆ ಬರೆ, ಮರುದಿನಕ್ಕೆ ನಮ್ಮ ನೆನಪು ಅದನ್ನು ತನಗೆ ಬೇಕಾದ ಹಾಗೆ ಚಂದ ಮಾಡಿಬಿಡುತ್ತದೆ. ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನ ಬಗ್ಗೆ ಹೀಗೇ ಟಿಪ್ಪಣಿ ಬರೆದಿಟ್ಟಿದ್ದ, 1877ರಲ್ಲಿ ಅದನ್ನು ಪ್ರಕಟಿಸಿದ. ಆ ಮಗು ಒಂದು ವರ್ಷಕ್ಕೆ ಊಟಕ್ಕೆ ತಾನೇ ಕಟ್ಟಿಕೊಂಡ ಶಬ್ದ 'ಮಮ್'. ನಮ್ಮ ಮಮ್ಮು! ಬರೆದಿಟ್ಟಿದ್ದಕ್ಕೆ ಇಷ್ಟು ವರ್ಷದ ಮೇಲೂ ನಾನು ಅದನ್ನು ನಿನಗೆ ಹೇಳಲು ಬಂತು.

ನಿನ್ನದು ಮಾತ್ರ ನನ್ನ ಹತ್ತಿರ ಒಂದೂ ಇಲ್ಲ. ನಿನಗೆ ಮೂರು ವರ್ಷವಾದಾಗ ನಿನ್ನ ಶಾಲೆಯವರೂ ಹೀಗೇ ಅಂದಿದ್ದರು, ನಾವು ಒಂದೇ ವಾರದಲ್ಲಿ ಮನೆಯ ಮಾತು ಬದಲಿಸಿದೆವು. ನನಗೆ ಬರುತ್ತಿದ್ದದ್ದು ಹರಕು ಇಂಗ್ಲಿಷ್. ನಿನ್ನೊಡನೆ ಕಮ್, ಸಿಟ್, ಈಟ್ ಅಷ್ಟೇ ಆಡುತ್ತಿದ್ದೆ. ಕಥೆ ಹೇಳುವುದು ನಿಂತಿತು, ಯಾಕೆಂದರೆ ಕಥೆ ಹೇಳುವಷ್ಟು ನನಗೆ ಬರುತ್ತಿರಲಿಲ್ಲ. ಆ ಬೇಸಿಗೆ ಧಾರವಾಡಕ್ಕೆ ಹೋದಾಗ ನಿನ್ನಜ್ಜಿ "ಏನ್ ಬೇಕವಾ ನನ ಕೂಸ?" ಅಂತ ಕೇಳಿದರೆ ನೀನು ಬೆಲ್ಲದ ಡಬ್ಬಿಯತ್ತ ಬೆರಳು ಮಾಡಿ "ದ್ಯಾಟ್" ಅಂದೆ. ಅವರು ಬೆಲ್ಲ ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಬೆರಳು. ರಾತ್ರಿ ನನ್ನ ಪಕ್ಕ ಮಲಗಿ, "ಈ ಕೂಸು ನನ್ನ ಕೂಡ ಯಾಕ ಮಾತಾಡವಲ್ದು?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನೀನು ಆಮೇಲೆ ಕನ್ನಡ ಕಲಿತೆ, ಚಂದ ಮಾತಾಡುತ್ತೀ, ಅದು ಬೇರೆ. ಆ ಎರಡು ವರ್ಷ ಅವರಿಗೆ ವಾಪಸು ಸಿಗಲಿಲ್ಲ. ಬೆಲ್ಲ ಕೊಟ್ಟ ಆ ಕೈ ನನ್ನ ಕಣ್ಣೆದುರಿಗೇ ಇದೆ. ನಿನ್ನೆ ರಾತ್ರಿ ನೀನು ಫೋನಿನಲ್ಲಿ ಕನ್ನಡ ಬಿಡು ಅಂದಾಗ ನನಗೆ ನೀನು ಕಾಣಲಿಲ್ಲ, ಆ ಬೆರಳು ಕಂಡಿತು. ಕೂಗಿದ್ದು ಅದಕ್ಕೆ. ನಾನು ಮಾಡಿದ್ದನ್ನೇ ನೀನು ಮಾಡಬೇಡ ಅನ್ನುವುದಕ್ಕೆ ನನಗೆ ಹಕ್ಕಿದೆಯೋ ಇಲ್ಲವೋ, ಹೇಳದೆ ಇರಲಾರೆ.

ಹಾಗಾದರೆ ಏನು ಮಾಡಬೇಕು? 1913ರಷ್ಟು ಹಿಂದೆಯೇ ಫ್ರಾನ್ಸಿನ ರೊನ್ಜಾ ಎಂಬ ಭಾಷಾಪಂಡಿತ ತನ್ನ ಮಗನ ಬಗ್ಗೆ ಬರೆದ. ತಂದೆ ಫ್ರೆಂಚ್, ತಾಯಿ ಜರ್ಮನ್, ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿದರು, ಹುಡುಗ ಎರಡನ್ನೂ ಕಲಿತ. ನಿಮ್ಮಲ್ಲಿ ಅದು ಹೊಸದಾಗಿ ಶುರುಮಾಡಬೇಕಾದ್ದೇ ಇಲ್ಲ: ಅವರು ಮರಾಠಿ, ನೀನು ಕನ್ನಡ. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ, ಅದು ಅವರ ಕೆಲಸ. ಅವಳು "ಬೀಳಿತು" ಅಂದರೆ ತಪ್ಪು ಅನ್ನಬೇಡ, "ಹೌದಲ್ಲ, ಕಪ್ಪು ಬಿತ್ತು" ಅಂತ ಸರಿಯಾದ್ದನ್ನು ನಿನ್ನ ಉತ್ತರದೊಳಗೆ ಸೇರಿಸಿ ಮುಂದೆ ಹೋಗು. "ಬಿತ್ತು ಅನ್ನು, ಅನ್ನು" ಅಂತ ಬಾಯಿಗೆ ತುರುಕಬೇಡ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸು. ನೀನು ಎರಡಕ್ಕೇ ಮುಂದಿನ ಪ್ರಶ್ನೆ ಕೇಳುತ್ತೀ, ಅವಳು ಇನ್ನೂ ಶಬ್ದ ಹುಡುಕುತ್ತಿರುತ್ತಾಳೆ. "ನಾ ನಾ ನಾ" ಅಂತ ತಡವರಿಸಿದರೆ ನಿಧಾನ ಹೇಳು ಅನ್ನಬೇಡ. ಎರಡರಿಂದ ನಾಲ್ಕು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಅದು ಬಂದು ಹೋಗುತ್ತದೆ. ಮುಖ ನೋಡುತ್ತ ಸುಮ್ಮನೆ ಕಾಯಿ. ಶಬ್ದ ಲೆಕ್ಕ ಹಾಕುವಾಗ ಮೂರೂ ಭಾಷೆಯವನ್ನು ಕೂಡಿಸು, ಒಂದೇ ಭಾಷೆಯದನ್ನು ಎಣಿಸಿದರೆ ಯಾವ ಎರಡು ಭಾಷೆಯ ಮಗುವೂ ಬಡವಾಗಿ ಕಾಣುತ್ತದೆ. ಇಪ್ಪತ್ತೆರಡು ವರ್ಷ ಬಾಲವಾಡಿಯಲ್ಲಿ ನೋಡಿದವಳು ಹೇಳುತ್ತಿದ್ದೇನೆ.

ಹೆದರಬೇಕಾದ ಸಂಗತಿಗಳು ಬೇರೆಯೇ ಇವೆ. ಎರಡು ವರ್ಷವಾದರೂ ಎರಡು ಶಬ್ದ ಕೂಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತರೆ, ಮೊದಲು ಕಿವಿ ತೋರಿಸಬೇಕು. ಚಿಮಣಿಗೆ ಇವು ಯಾವುವೂ ಇಲ್ಲ. ಅಷ್ಟಾಗಿಯೂ ನಿನಗೆ ಸಮಾಧಾನವಾಗದಿದ್ದರೆ ನಿಮ್ಮ ಬಾಂದ್ರಾದಲ್ಲೇ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ವಾಕ್ ಶ್ರವಣಕ್ಕೇ ಮೀಸಲಾದ ಸರ್ಕಾರಿ ಸಂಸ್ಥೆ. ಅಲ್ಲಿಗೆ ಕರೆದುಕೊಂಡು ಹೋಗು, ಈ ವಹಿಯನ್ನೂ ಒಯ್ಯಿ. ಹದಿನೈದು ನಿಮಿಷದ ನೋಟಕ್ಕಿಂತ ಇದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.

ಇನ್ನೊಂದು, ಮರೆತಿದ್ದೆ. ಚೀಲದಲ್ಲಿ ಕಟ್ಟಿಕೊಟ್ಟ ಚಿವಡಾದಲ್ಲಿ ಇಡೀ ಶೇಂಗಾ, ಪುಟಾಣಿ ಇವೆ. ಅವಳ ಕೈಗೆ ಕೊಡಬೇಡ. ನಾಲ್ಕು ವರ್ಷ ತುಂಬುವ ತನಕ ಇಡೀ ಕಾಳು ಬೇಡವೇ ಬೇಡ. ದವಡೆ ಹಲ್ಲು ಗಟ್ಟಿಯಾಗಿ ಕೂತಿರುವುದಿಲ್ಲ, ನಗುತ್ತ ಓಡುತ್ತ ತಿಂದರೆ ಉಸಿರುನಾಳಕ್ಕೆ ಹೋಗುತ್ತದೆ. ಶೇಂಗಾ, ಪುಟಾಣಿ ಆರಿಸಿ ತೆಗೆದು ಅವಲಕ್ಕಿ ಮಾತ್ರ ಕೊಡು. ಚಕ್ಕುಲಿ ಮುರಿದು, ಕೂಡಿಸಿ ತಿನ್ನಿಸು. ಇದಕ್ಕೂ ಸಿಟ್ಟಾಗಬೇಡ.

ವಹಿಯಲ್ಲಿ ಉಳಿದವನ್ನು ನೀನೇ ಓದು. ಕಿಲ್ಲಾದ ಮೇಲೆ ಚೆಲ್ಲಿದ ಸಾಸಿವೆ ನಾಲ್ಕನೇ ದಿನ ಮೊಳೆತಾಗ "ಕಿಲ್ಲಾಕ್ಕ ಕೂದ್ಲಾ ಬಂತು" ಅಂದದ್ದು, ಕಿಲ್ಲಾದೊಳಗಿನ ಮಣ್ಣಿನ ಮಾವಳೆಗಳನ್ನೆಲ್ಲ (ಶಿವಾಜಿಯ ಸೈನಿಕರ ಬೊಂಬೆಗಳನ್ನೆಲ್ಲ) ಸಿಂಹಾಸನದ ಮುಂದೆ ಸಾಲಾಗಿ ಮಲಗಿಸಿ ನನ್ನ ಕರ್ಚೀಫು ಹೊದಿಸಿದ್ದು ಅದರಲ್ಲಿವೆ. ಲಕ್ಷ್ಮೀಪೂಜೆಗೆ ಹೊಸ ಕಸಬರಗಿಗೆ ಅರಿಷಿಣ ಕುಂಕುಮ ಹಚ್ಚಿದ್ದನ್ನು ನೋಡಿದ್ದವಳು, ಮರುದಿನ ನಾನು ಅದರಲ್ಲೇ ಕಸ ಹೊಡೆದರೆ "ದೇವ್ರು ಎಳಿಬ್ಯಾಡ" ಅಂತ ಅತ್ತಳಲ್ಲ, ಅದೂ ಇದೆ. ನಾಳೆ ಪೋಸ್ಟಿಗೆ ಹಾಕುತ್ತೇನೆ.

62ನೇ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಬರುವಾಗ ಘಾಟಿನಲ್ಲಿ ಸುರಂಗ ಬಂದಾಗಲೆಲ್ಲ ಕತ್ತಲಾಯಿತು ಅಂತ "ಗುಡ್ ನೈಟ್" ಅಂದು ಕಣ್ಣು ಮುಚ್ಚಿದಳು, ಬೆಳಕು ಬಂದರೆ "ನಾಳೆ ಬಂತು" ಅಂದಳು ಅಂತ ನೀನೇ ಹೇಳಿದ್ದೆ. ಲೋಣಾವಳಾದಿಂದ ಕರ್ಜತ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಸುರಂಗ ಇವೆ. ಇವತ್ತು ಎಷ್ಟು ನಾಳೆ ಬಂದವು, ಎಷ್ಟನೆಯದಕ್ಕೆ ನಿಜವಾಗಿ ನಿದ್ದೆ ಹೋದಳು, ಮರೆಯುವ ಮೊದಲು ಬರೆದು ತಿಳಿಸು.

ಇಂತಿ,
ನಿನ್ನ ಅವ್ವ