ಭಾನುವಾರದ ಓದುಕೂಟ: ಮನೋವಿಜ್ಞಾನದ ಸಂಜ್ಞಾನಾತ್ಮಕ ದೃಷ್ಟಿಕೋನ

ಬಳಗದ ಶಿಕ್ಷಕ ಮಿತ್ರರಿಗೂ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೊಪ್ಪಳದಲ್ಲಿ, ಎಂದಿನ ಜಾಗದಲ್ಲಿಯೇ ಓದುಕೂಟ ನಡೆಯಲಿದೆ. ಕುಷ್ಟಗಿ, ಗಂಗಾವತಿ ಕಡೆಯಿಂದ ಬರುವವರು ಬಸ್ಸಿನ ಸಮಯ ನೋಡಿಕೊಂಡು ಬೇಗನೆ ಹೊರಡಬೇಕಾಗಿ ವಿನಂತಿ.

ವರ್ತನಾವಾದಿಗಳು ಹೊರಗೆ ಕಾಣುವ ವರ್ತನೆಗಷ್ಟೇ ಒತ್ತು ಕೊಡುತ್ತಿದ್ದಾಗ, ಗಮನ, ಸ್ಮೃತಿ, ಆಲೋಚನೆಯಂಥ ಒಳಗಿನ ಪ್ರಕ್ರಿಯೆಗಳನ್ನೂ ಪ್ರಯೋಗಗಳಿಂದ ಅರಿಯಬಹುದೆಂದು ಸಂಜ್ಞಾನಾತ್ಮಕ ದೃಷ್ಟಿಕೋನ ತೋರಿಸಿಕೊಟ್ಟಿತು. ತತ್‌ಕ್ಷಣದ ಸ್ಮೃತಿಯಲ್ಲಿ ಸುಮಾರು 7 ಘಟಕಗಳಷ್ಟೇ (ಒಂದಾಗಿ ನೆನಪಿಡುವ ಅಂಕಿ, ಪದ ಅಥವಾ ಅವುಗಳ ಗುಂಪು) ನಿಲ್ಲುತ್ತವೆ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆ ಮಿತಿ 4ರ ಆಸುಪಾಸಿನಲ್ಲಿದೆ ಎಂಬುದು ನಂತರದ ಸಂಶೋಧಕರ ವಾದ. ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯನ್ನು ಐದೈದಾಗಿ ಒಡೆದು ಹೇಳಿದರೆ ನೆನಪಿಡುವುದು ಸುಲಭವಾಗುವುದೂ ಇದರಿಂದಲೇ. 1974ರಲ್ಲಿ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ ಮಂಡಿಸಿದ ಕಾರ್ಯಸ್ಮೃತಿಯ (ಕೆಲಸ ಮಾಡುವಾಗ ಬೇಕಾದ ಮಾಹಿತಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಳಸುವ ಸ್ಮೃತಿ) ಮಾದರಿ ನಮ್ಮ ತರಗತಿಗೆ ಇನ್ನೂ ಹತ್ತಿರದ್ದು. "ಪುಸ್ತಕ ತೆಗೀರಿ, 42ನೇ ಪುಟದ ಮೂರನೇ ಲೆಕ್ಕ ಬರಕೊಳ್ರಿ, ಉತ್ತರದ ಕೆಳಗ ಗೆರೆ ಎಳೀರಿ" ಎಂದು ಒಂದೇ ಉಸಿರಿನಲ್ಲಿ ಹೇಳಿದಾಗ, ಹಿಂದಿನ ಬೆಂಚಿನ ಮಗು ಪುಸ್ತಕ ತೆರೆದು ಸುಮ್ಮನೆ ಕುಳಿತರೆ, ಅದನ್ನು ಅಲಕ್ಷ್ಯವೆಂದು ಗದರುವ ಮುನ್ನ ನಾವು ಈ ಮಿತಿಯನ್ನು ನೆನೆಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಪ್ರತಿಯೊಬ್ಬರೂ ತಾವು ತರಗತಿಯಲ್ಲಿ ಕೊಡುವ ಒಂದು ಉದ್ದನೆಯ ಸೂಚನೆಯನ್ನು ಇದ್ದಂತೆಯೇ ಬರೆದು ತರಬೇಕು. ಅದನ್ನು ಸಣ್ಣ ಹಂತಗಳಾಗಿ ಒಡೆದು, ಕಪ್ಪುಹಲಗೆಯ ಮೇಲೆ ಬರೆದು ನೋಡುವುದೇ ಅಂದಿನ ಮುಖ್ಯ ಅಭ್ಯಾಸ.

ಬರುವವರು ಶುಕ್ರವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ಹೆಸರು ತಿಳಿಸಿ ಸಹಕರಿಸಬೇಕು.