ಮಸೂದೆ ಓದಿ, ಆಮೇಲೆ ಕೋರ್ಟನ್ನು ಬೈಯಿರಿ: ಚಿತ್ರದುರ್ಗ ಜಿಲ್ಲೆಯ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಇದು ಒಂದು ಪಕ್ಷದವರಿಗೆ ಬರೆದ ಪತ್ರ ಅಲ್ಲ. ಮೊಳಕಾಲ್ಮುರಿನಿಂದ ಹೊಸದುರ್ಗದವರೆಗೆ ಆರೂ ಕ್ಷೇತ್ರದವರಿಗೆ. ಕಾನೂನೊಂದು ಬಿದ್ದುಹೋದರೆ ರಾಜಕಾರಣಿಗಳ ಬಾಯಲ್ಲಿ ಒಂದೇ ಮಾತು: ನಾವು ಮಾಡಿದ್ವಿ, ಕೋರ್ಟು ಅಡ್ಡ ಬಂತು. ಜನ ನಂಬಿಯೂ ಬಿಡುತ್ತಾರೆ. ಕೋರ್ಟು ಸುಮ್ನೆ ಅಡ್ಡ ಬರುತ್ತದಾ?

ಬಡ್ತಿ ಮೀಸಲಾತಿಯನ್ನೇ ತಗೊಳ್ಳಿ. ನಮ್ಮ ಆರು ಕ್ಷೇತ್ರಗಳಲ್ಲಿ ಮೂರು ಮೀಸಲು. ಇಲ್ಲಿನ ಎಷ್ಟೋ ನೌಕರರ ಮನೆಗೆ ತಟ್ಟಿದ ವಿಷಯ ಇದು. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಸೇವಾ ಹಿರಿತನವನ್ನು ಉಳಿಸುವ ರಾಜ್ಯದ 2002ರ ಜ್ಯೇಷ್ಠತಾ ಕಾಯ್ದೆಯ ಮುಖ್ಯ ಭಾಗಗಳನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಮೀಸಲಾತಿಯೇ ತಪ್ಪು ಅಂತಲ್ಲ. ಯಾವ ಹುದ್ದೆಗಳಲ್ಲಿ ಪರಿಶಿಷ್ಟರು ಎಷ್ಟು ಕಡಿಮೆ ಇದ್ದಾರೆ ಎಂಬ ಲೆಕ್ಕವನ್ನೇ ಸರ್ಕಾರ ತೋರಿಸಿರಲಿಲ್ಲ. ಆ ಲೆಕ್ಕ ಬೇಕೇ ಬೇಕು ಎಂದು ಕೋರ್ಟು 2006ರಲ್ಲೇ ಹೇಳಿತ್ತು! ಆಮೇಲೆ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ಸಮಿತಿ ಕೂತು ಅಂಕಿಅಂಶ ಕಲೆಹಾಕಿತು. ಸದನ ಹೊಸ ಕಾಯ್ದೆ ಮಾಡಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಡುವೆ, ಹಳೆ ಕಾಯ್ದೆ ಬಿದ್ದಿದ್ದರಿಂದ ಹಿಂಬಡ್ತಿಯಾದವರ ಪಾಡು ಹೇಳತೀರದು. ಲೆಕ್ಕ ಮೊದಲೇ ಮಾಡಿದ್ದರೆ ಅವರಿಗೆ ಆ ಗತಿ ಬರುತ್ತಿತ್ತಾ?

ಕೋರ್ಟಿನಿಂದ ಸದನಕ್ಕೆ ಉಪಕಾರವೂ ಆಗಿದೆ, ಅಲ್ವಾ? 1989ರಲ್ಲಿ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು ತಪ್ಪು, ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದು 1994ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟೇ. 2018ರಲ್ಲಿ ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಕೋರ್ಟು ಮೇ 19ಕ್ಕೇ ಮುಗಿಸಿ ಎಂದಿತು. ಅವತ್ತು ಅಪರಾತ್ರಿಯಲ್ಲಿ ಕೋರ್ಟಿನ ಬಾಗಿಲು ತಟ್ಟಿದವರು ರಾಜಕಾರಣಿಗಳೇ.

ಕೋರ್ಟುಗಳೂ ಒಮ್ಮೊಮ್ಮೆ ಗೆರೆ ದಾಟುತ್ತವೆ, ಇಲ್ಲ ಅನ್ನಲ್ಲ. ಮಸೂದೆಗಳಿಗೆ ಅಂಕಿತ ಹಾಕುವ ವಿಷಯದಲ್ಲಿ ರಾಜ್ಯಪಾಲರಿಗೆ 2025ರ ಏಪ್ರಿಲ್‌ನಲ್ಲಿ ಗಡುವು ಹಾಕಿದ್ದೂ ಸುಪ್ರೀಂ ಕೋರ್ಟೇ. ಕೋರ್ಟು ಹಾಗೆ ಗಡುವು ಹಾಕುವಂತಿಲ್ಲ ಎಂದು ನವೆಂಬರ್‌ನಲ್ಲಿ ಅಭಿಪ್ರಾಯ ಕೊಟ್ಟಿದ್ದೂ ಅದೇ. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವಷ್ಟು ವ್ಯವಧಾನ ಅಲ್ಲಿದೆ. ನಮ್ಮ ಸದನದಲ್ಲಿ? ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಮಸೂದೆಗಳು ಪಾಸಾಗುವುದನ್ನು ನಾವು ಟಿವಿಯಲ್ಲಿ ನೋಡುತ್ತಲೇ ಇದ್ದೇವೆ.

ಅಂಥ ಹೊತ್ತಲ್ಲಿ ನೀವು ಎದ್ದು ನಿಲ್ಲಿ. ಇದಕ್ಕೆ ಅಂಕಿಅಂಶ ಎಲ್ಲಿದೆ, ನಾಳೆ ಕೋರ್ಟಲ್ಲಿ ಇದು ನಿಲ್ಲುತ್ತದಾ ಎಂದು ಮಂತ್ರಿಗಳನ್ನು ಕೇಳಿ. ನಿಮ್ಮದೇ ಪಕ್ಷದ ಮಂತ್ರಿಯಾದರೆ ಇನ್ನೂ ಜೋರಾಗಿ ಕೇಳಿ. ಮುಂದಿನ ಅಧಿವೇಶನ ಮುಗಿಸಿ ಊರಿಗೆ ಬಂದಾಗ, ಯಾವ ಮಸೂದೆ ಓದಿದಿರಿ, ಏನು ಕೇಳಿದಿರಿ ಎಂದು ನಾವು ಕೇಳುವವರಿದ್ದೇವೆ.

ಇಂತಿ,
ಚಿತ್ರದುರ್ಗದ ಒಬ್ಬ ಮತದಾರ