ಸುದ್ದಿ ಓದು, ಆದರೆ ಸೆಟ್‌ಗೆ ಹೋಗು

ಪ್ರೀತಿಯ ತಮ್ಮಾ,

ನಿನ್ನ ಪತ್ರದಲ್ಲಿ ಅರ್ಧ ಬರೀ ಹಾಲಿವುಡ್ ಸುದ್ದಿಯೇ ಇದೆ. ಯಾರು ಯಾವ ಸೀರೀಸ್ ಕೈಬಿಟ್ಟರು, ಯಾರಿಗೆ ಎಷ್ಟು ದೊಡ್ಡ ಒಪ್ಪಂದ ಸಿಕ್ಕಿತು, ಹೀಗೆ. ನಾನೂ ಓದುತ್ತೇನಪ್ಪ. ಅಮೆರಿಕದ ಮನರಂಜನಾ ಉದ್ಯಮದ ಪತ್ರಿಕೆ 'ವೆರೈಟಿ' 1905ರಿಂದ ಇದನ್ನೇ ಮಾಡಿಕೊಂಡು ಬಂದಿದೆ, ಆ ಚಟ ಹಳೆಯದು. ಆದರೆ ಈಗ ಯಾವುದು ಓಡುತ್ತಿದೆ ಅಂತ ನೋಡಿ ಅದೇ ಥರದ್ದು ಬರೆಯಲು ಕೂರಬೇಡ. ಇವತ್ತು ಸುದ್ದಿಯಾದ ಒಪ್ಪಂದದ ಮಾತುಕತೆ ಎಷ್ಟೋ ದಿನಗಳ ಹಿಂದೆ ಶುರುವಾಗಿರುತ್ತದೆ. ನೀನು ಬರೆದು ಮುಗಿಸುವಷ್ಟರಲ್ಲಿ ಕೊಳ್ಳುವವರ ಮನಸ್ಸೇ ಬದಲಾಗಿರುತ್ತದೆ.

ಓದಲೇಬೇಕಾದ ಸುದ್ದಿ ಬೇರೆ. 2023ರಲ್ಲಿ ಅಮೆರಿಕದ ಬರಹಗಾರರ ಸಂಘ 148 ದಿನ ಮುಷ್ಕರ ಮಾಡಿತಲ್ಲ, ಎಲ್ಲರೂ ಎಐ ಬಗ್ಗೆಯೇ ಮಾತಾಡಿದರು. ನನಗೆ ದೊಡ್ಡದಾಗಿ ಕಂಡಿದ್ದು ಇನ್ನೊಂದು ವಿಷಯ. ಸೀರೀಸ್‌ನ ಬರಹಗಾರರೆಲ್ಲ ಒಟ್ಟಿಗೆ ಕೂತು ಕಥೆ ಹೆಣೆಯುವ ಕೋಣೆಗೆ 'ರೂಮ್' ಅನ್ನುತ್ತಾರೆ. ಅಷ್ಟು ಹೊತ್ತಿಗೆ 'ಮಿನಿ ರೂಮ್' ಪದ್ಧತಿ ಬಂದಿತ್ತು. ಮೂರ್ನಾಲ್ಕು ಜನರನ್ನು ಕೆಲವು ವಾರ ಕೂರಿಸಿ ಕಥೆ ಹೆಣೆಸಿ, ಶೂಟಿಂಗ್ ಶುರುವಾಗುವ ಮೊದಲೇ ಮನೆಗೆ ಕಳಿಸುವುದು. ದುಡ್ಡು ಹೋಗಿದ್ದು ಒಂದು ನಷ್ಟ. ಕಲಿಕೆ ಹೋಗಿದ್ದು ಅದಕ್ಕಿಂತ ದೊಡ್ಡ ನಷ್ಟ. ತಾನು ಬರೆದ ದೃಶ್ಯ ಶೂಟ್ ಆಗುವುದನ್ನೇ ನೋಡದವನು ನಾಳೆ ಇಡೀ ಸೀರೀಸ್ ನಡೆಸುವ ಶೋರನ್ನರ್ ಆಗುವುದು ಹೇಗೆ? ಹೊಸ ಒಪ್ಪಂದದಲ್ಲಿ, 7ರಿಂದ 12 ಎಪಿಸೋಡ್‌ಗಳ ಸೀರೀಸ್‌ಗೆ ಶೋರನ್ನರ್ ಸೇರಿ ಕನಿಷ್ಠ 5 ಬರಹಗಾರರು ಇರಬೇಕು ಅಂತಾಯಿತು. ಒಬ್ಬರೇ ಎಲ್ಲವನ್ನೂ ಬರೆದರೆ ಮಾತ್ರ ವಿನಾಯಿತಿ.

ಶೋರನ್ನರ್ ಅಂದರೆ ಬರಹಗಾರನೂ ಹೌದು, ನಿರ್ಮಾಪಕನೂ ಹೌದು. ಬೆಳಗ್ಗೆ ರೂಮ್‌ನಲ್ಲಿ ಹತ್ತನೇ ಎಪಿಸೋಡ್‌ನ ಕಥೆ, ಮಧ್ಯಾಹ್ನ ಆರನೆಯದರ ಶೂಟಿಂಗ್, ಸಂಜೆ ಮೂರನೆಯದರ ಎಡಿಟಿಂಗ್. ನಡುವೆ ಚಾನೆಲ್‌ನವರ ಫೋನ್. ನಿರ್ಧಾರಕ್ಕಾಗಿ ನಿಂತಲ್ಲೇ ಕಾಯುವ ಜನ ಸುತ್ತಲೂ ಇರುತ್ತಾರೆ.

ಒಂದು ಸಣ್ಣ ವಿಷಯ ಹೇಳುತ್ತೇನೆ, ಗಮನ ಕೊಡು. ಸ್ಕ್ರಿಪ್ಟ್‌ನ ಪ್ರತಿ ಪುಟವನ್ನು ಎಂಟು ಪಾಲು ಮಾಡಿ ಶೂಟಿಂಗ್ ಲೆಕ್ಕ ಹಾಕುತ್ತಾರೆ. ಇಬ್ಬರು ಅಡುಗೆಮನೆಯಲ್ಲಿ ಜಗಳವಾಡುವ ದೃಶ್ಯ ಮೂರು ಪುಟ ಇರಲಿ, ಅರ್ಧ ದಿನದಲ್ಲಿ ಮುಗಿಯಬಹುದು. 'ಮಳೆ ಸುರಿಯುತ್ತಿದೆ. ಇಡೀ ಊರು ಸೇತುವೆ ಮೇಲೆ ನಿಂತಿದೆ' ಅಂತ ಬರೆದೆ ಅನ್ನು. ಕಾಗದದ ಮೇಲೆ ಅದು ಎಂಟರಲ್ಲಿ ಒಂದು ಪಾಲು. ಸೆಟ್‌ನಲ್ಲಿ ಇಡೀ ರಾತ್ರಿ. ನೀರಿನ ಟ್ಯಾಂಕರ್, ಕ್ರೇನ್, ನೂರಾರು ಜನರಿಗೆ ಒದ್ದೆಯಾಗಲು ಎರಡೆರಡು ಜೊತೆ ಬಟ್ಟೆ! ಆ ಸೇತುವೆ ಬೇಡ ಅಂತಲ್ಲ. ಬೇಕೇ ಬೇಕಾದರೆ ಇನ್ನೆರಡು ಎಪಿಸೋಡ್‌ಗಳನ್ನು ನಾಲ್ಕು ಗೋಡೆಯೊಳಗೇ ಮುಗಿಸುವ ಹಾಗೆ ಬರಿ. ಆ ಲೆಕ್ಕವೂ ಬರವಣಿಗೆಯೇ.

ಕೊನೆ ಗೊತ್ತಿಲ್ಲದೆ ಕಥೆ ಎಳೆಯುವುದು ಇನ್ನೊಂದು ಕಷ್ಟ. ಅಮೆರಿಕದ ಟಿವಿ ಸೀರೀಸ್ 'ಲಾಸ್ಟ್' ಇನ್ನೂ ಚೆನ್ನಾಗಿ ಓಡುತ್ತಿದ್ದಾಗಲೇ ಅದರ ಶೋರನ್ನರ್‌ಗಳು ಚಾನೆಲ್ ಜೊತೆ ಗುದ್ದಾಡಿ ಕೊನೆಯ ದಿನಾಂಕ ಕೇಳಿ ಪಡೆದರು. 2010ಕ್ಕೆ ಮುಗಿಸುತ್ತೇವೆ ಅಂತ 2007ರಲ್ಲೇ ಪ್ರಕಟವಾಯಿತು. ಆ ಕೊನೆಯ ಬಗ್ಗೆ ಜನ ಇವತ್ತಿಗೂ ಜಗಳವಾಡುತ್ತಾರೆ, ಅದು ಬೇರೆ ಮಾತು. ಆದರೆ ಎಷ್ಟು ದೂರ ನಡೆಯಬೇಕು ಅನ್ನುವುದು ಬರೆಯುವವರಿಗೆ ಗೊತ್ತಾಯಿತಲ್ವಾ?

ರೂಮ್‌ಗೆ ಹೋದ ಮೇಲೆ ಸುಮ್ನೆ ತಪ್ಪು ಹುಡುಕುತ್ತಾ ಕೂರಬೇಡ. ಇದು ಸರಿಯಿಲ್ಲ ಅನ್ನುವಾಗ ಬದಲಿಗೆ ಒಂದನ್ನು ಕೊಡು, ಅರೆಬೆಂದದ್ದಾದರೂ ಸರಿ. ನಿನ್ನ ಸ್ಕ್ರಿಪ್ಟನ್ನು ಶೋರನ್ನರ್ ತಿದ್ದಿ ಬರೆದರೆ ಮುನಿಸಿಕೊಳ್ಳಬೇಡ. ಎಲ್ಲ ಎಪಿಸೋಡ್‌ಗಳೂ ಒಂದೇ ದನಿಯಲ್ಲಿ ಕೇಳಿಸಬೇಕು, ಅದಕ್ಕೇ ಅವರಿಗೆ ಸಂಬಳ. ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದು.

ನಿನ್ನ ಪೈಲಟ್, ಅಂದರೆ ಮೊದಲ ಎಪಿಸೋಡ್‌ನ ಸ್ಕ್ರಿಪ್ಟ್ ಕಳಿಸು, ಓದುತ್ತೇನೆ. ಪ್ರತಿ ದೃಶ್ಯದ ಪಕ್ಕ ಪೆನ್ಸಿಲ್‌ನಲ್ಲಿ ಅದು ಪುಟದ ಎಷ್ಟು ಪಾಲು, ಎಲ್ಲಿ ಶೂಟ್ ಆಗಬೇಕು ಅಂತ ಬರೆದಿರು.

ನಿನ್ನ ಅಣ್ಣ